ಹಾಸಿಗೆಯ ಕೆಳಗರ್ಧ

ಕಪಿಲೆಯ ದಂಡೆಯ ಮೇಲೆ ಒಬ್ಬ ಮುದಿ ವೈದ್ಯರ ಆಶ್ರಮವಿತ್ತು. ಅವರ ಹೆಸರು ಶ್ರೀಕಂಠ ಪಂಡಿತರು.

ಅವರಲ್ಲಿಗೆ ಬರುತ್ತಿದ್ದವರು ನಿನ್ನೆ ಮೊನ್ನೆ ಜ್ವರ ಹಿಡಿದವರಲ್ಲ. ಹತ್ತು ವರ್ಷದ ಉಬ್ಬಸ, ಎಂಟು ವರ್ಷದ ಕೀಲುನೋವು, ಮದುವೆಗೆ ಮುಂಚಿನಿಂದಲೂ ಬಿಡದ ಹೊಟ್ಟೆಶೂಲೆ. ಕಾಯಿಲೆಯ ಜೊತೆಯಲ್ಲೇ ಸಂಸಾರ ಹೂಡಿದವರು. ಬಂದರೆ ತಿಂಗಳುಗಟ್ಟಲೆ ಉಳಿಯಬೇಕಾಗುತ್ತಿತ್ತು.

ಅವರೆಲ್ಲ ಮಲಗುತ್ತಿದ್ದದ್ದು ಅಡುಗೆಮನೆಗೆ ತಾಗಿದ ಹಳೆಯ ಕೊಟ್ಟಿಗೆಯಲ್ಲಿ. ಹೊಗೆ, ನೊಣ, ಪಾತ್ರೆ ತಿಕ್ಕುವ ಸದ್ದು. ನೆಲದ ಮೇಲೆ ಚಾಪೆ.

ಪಂಡಿತರ ಶಿಷ್ಯ ಉಮಾಪತಿಗೆ ಅದನ್ನು ನೋಡಲಾಗುತ್ತಿರಲಿಲ್ಲ. ಅವನು ಕಲ್ಲುಕೆಲಸದವರ ಮನೆಯ ಹುಡುಗ. ಮೂವತ್ತರ ಹತ್ತಿರ ಬಂದಿದ್ದರೂ ಅವನ ಕೈ ಒಂದು ಗಳಿಗೆ ಸುಮ್ಮನಿರುತ್ತಿರಲಿಲ್ಲ.

"ಗುರುಗಳೇ, ಕಾಯಿಲೆಯವರಿಗೆ ಒಂದು ಒಳ್ಳೆಯ ಆರೈಕೆ ಮನೆ ಕಟ್ಟಲೇ?"

"ಕಟ್ಟು. ಅದರಲ್ಲಿ ಏನೇನಿರುತ್ತೆ?"

"ಗಾಳಿ, ಬೆಳಕು. ಸದ್ದಿರೋದಿಲ್ಲ. ಮಲಗಿದಲ್ಲೇ ಕಣ್ಣು ಬಿಟ್ಟರೆ ದೇವರು ಕಾಣಬೇಕು."

ಪಂಡಿತರು ತಲೆಯಾಡಿಸಿದರು. "ಒಳ್ಳೇದು. ಅವರಿಗೆ ಹಿಡಿಸುತ್ತಾ ನೋಡ್ಕೋ."

ಅವರಿಗೆ ಹಿಡಿಸದೆ ಇರುವುದುಂಟೇ ಎಂದು ಉಮಾಪತಿ ಮನಸ್ಸಿನಲ್ಲೇ ನಕ್ಕ.

ಎರಡು ವರ್ಷ ಕಟ್ಟಿದ. ಸುಳ್ಳು ಹೇಳಬಾರದು, ಚೆನ್ನಾಗಿಯೇ ಕಟ್ಟಿದ. ಎತ್ತರದ ಸೂರು, ನದಿಯ ಗಾಳಿ ಬರುವ ಕಿಟಕಿ, ಬರಿಗಾಲಿಗೆ ತಂಪಾದ ಕೆಂಪು ನೆಲ. ಪಡುವಲ ಗೋಡೆಯ ಪಕ್ಕ ಒಬ್ಬರು ನಿಲ್ಲುವಷ್ಟು ಸಂದಿ ಬಿಟ್ಟು ಇಟ್ಟಿಗೆ ಗಾರೆಯ ಹನ್ನೆರಡು ಜಗಲಿ, ಒಂದೊಂದರ ಮೇಲೂ ಹತ್ತಿಯ ಹಾಸಿಗೆ, ಬಿಳಿ ದುಪ್ಪಟಿ. ಉಬ್ಬಸದವರಿಗೆ ಅನುಕೂಲವಾಗಲೆಂದು ಗೋಡೆಯ ಕಡೆ, ತಲೆಯಿಡುವಲ್ಲಿ, ಜಗಲಿಯನ್ನು ತುಸು ಏರಿಸಿದ್ದ. ಎದುರಿನ ಮೂಡಲ ಗೋಡೆಗೂ ಜಗಲಿಗಳಿಗೂ ನಡುವೆ ಓಡಾಡುವ ದಾರಿ.

ಆ ಮೂಡಲ ಗೋಡೆಯ ನಡುವೆ ಒಂದು ಗೂಡು. ಗೂಡಿನಲ್ಲಿ ವೈದ್ಯರ ದೇವರು ಧನ್ವಂತರಿ. ಕರಿಕಲ್ಲಿನ ಆ ವಿಗ್ರಹವನ್ನು ಉಮಾಪತಿ ಆರು ತಿಂಗಳು ಕೂತು ತಾನೇ ಕೆತ್ತಿದ್ದ. ಮುಂದೆ ಒಂದು ನಂದಾದೀಪ.

ಕಾಯಿಲೆಯವರು ಹೊಸ ಮನೆಗೆ ಬಂದರು. ದೇವರನ್ನು ಕಂಡು ಕೈಮುಗಿದರು. ಕೆಲವರ ಕಣ್ಣಲ್ಲಿ ನೀರು ಬಂತು. ಉಮಾಪತಿಯ ಕಣ್ಣಲ್ಲೂ ಬಂತು.

ಅಲ್ಲಿದ್ದವರಲ್ಲಿ ಎಲ್ಲರಿಗಿಂತ ನೊಂದವಳು ದೇವೀರಮ್ಮ. ಹೂ ಕಟ್ಟಿ ಬದುಕಿದ ಹೆಂಗಸು. ಕೀಲುವಾತದಿಂದ ಎರಡು ಮಂಡಿಯೂ ಮಡಿಚಿಕೊಂಡು ನಿಂತುಹೋಗಿದ್ದವು. ಅವಳ ತಮ್ಮ ಅವಳನ್ನು ಬೆನ್ನ ಮೇಲೆ ಹೊತ್ತು ತಂದು ಬಿಟ್ಟಿದ್ದ.

ಪಂಡಿತರು ಅವಳನ್ನು ದಿನಾ ಅಳೆಯುತ್ತಿದ್ದರು. ಎಣ್ಣೆ ಹಚ್ಚಿ ಶಾಖ ಕೊಟ್ಟಾದ ಮೇಲೆ ಅವಳು ಆದಷ್ಟು ಕಾಲು ಬಿಡಿಸಬೇಕು. ಸೀರೆಯ ಮೇಲಿಂದಲೇ ತೊಡೆಗೂ ಹಿಮ್ಮಡಿಗೂ ನಡುವೆ ಎಷ್ಟು ಸಂದಾಯಿತೆಂದು ಅವರು ಗೇಣು ಹಾಕಿ ನೋಡಬೇಕು. ಬಂದ ದಿನ ಒಂದು ಗೇಣು. ಹಳೆಯ ಕೊಟ್ಟಿಗೆಯಲ್ಲಿ ಒಂದು ಮಂಡಲ, ಅಂದರೆ ನಲವತ್ತೆಂಟು ದಿನ ಮುಗಿಯುವ ಹೊತ್ತಿಗೆ ಎರಡು ಗೇಣಾಗಿತ್ತು.

"ಇನ್ನೊಂದು ಮಂಡಲ, ದೇವೀರಮ್ಮ," ಎಂದಿದ್ದರು ಪಂಡಿತರು. "ಅಷ್ಟರಲ್ಲಿ ಬಿಚ್ಚಿದರೆ ನೀನು ಎದ್ದು ನಡೀತೀಯ. ಬಿಚ್ಚಲಿಲ್ಲ ಅಂದರೆ ಮಂಡಿ ಹಾಗೇ ಕೂತುಬಿಡುತ್ತೆ. ಆಮೇಲೆ ನನ್ನ ಕೈಲಾಗೋದಿಲ್ಲ."

ಅವರು ಕಾಯಿಲೆಯವರಿಗೆ ಸುಳ್ಳು ಧೈರ್ಯ ಹೇಳುತ್ತಿರಲಿಲ್ಲ.

ಅದಕ್ಕೇ ಉಮಾಪತಿ ಅವಳಿಗೆ ಎಲ್ಲಕ್ಕಿಂತ ಒಳ್ಳೆಯ ಜಾಗ ಕೊಟ್ಟ. ಸಾಲಿನ ನಡುವಿನ ಜಗಲಿ, ನೇರ ದೇವರ ಎದುರಿಗೆ.

"ಇಲ್ಲಿಂದ ಕಣ್ತುಂಬ ಕಾಣುತ್ತೆ ನೋಡಮ್ಮ."

"ಕಾಣ್ತದೆ ಮಗ," ಎಂದಳು ದೇವೀರಮ್ಮ. ಅವಳು ಉಮಾಪತಿಯನ್ನು ಮಗ ಎಂದೇ ಕರೆಯುತ್ತಿದ್ದಳು. ಹಾಗೆ ಕರೆದಾಗಲೆಲ್ಲ ಅವನಿಗೆ ಒಳಗೆ ಬೆಚ್ಚಗಾಗುತ್ತಿತ್ತು.

ಎಲ್ಲಕ್ಕಿಂತ ಕೆಟ್ಟ ಜಾಗವೂ ಒಂದಿತ್ತು. ಸೂರು ಹೊರಲು ದಾರಿಯಲ್ಲಿ ಒಂದು ದಪ್ಪ ಕಂಬ ನಿಲ್ಲಿಸಲೇಬೇಕಾಗಿ ಬಂದು, ಕೊನೆಯ ಜಗಲಿಗೆ ದೇವರೇ ಮರೆಯಾಗಿದ್ದ. ಅದು ಉಬ್ಬಸದ ಚೌಡಣ್ಣನ ಪಾಲಿಗೆ ಬಂತು. ಉಮಾಪತಿ ಅವನ ಮುಂದೆ ನಿಂತು ತಪ್ಪಾಯಿತೆಂದು ಹೇಳಿಕೊಂಡ.

"ಇರ್ಲಿ ಬುಡಿ ಸ್ವಾಮಿ," ಎಂದ ಚೌಡಣ್ಣ, ಹೇಗೋ ಸಹಿಸಿಕೊಳ್ಳುವವನಂತೆ.

ಹತ್ತು ದಿನವಾಯಿತು. ಪಂಡಿತರು ಗೇಣು ಹಾಕಿ ನೋಡಿ, ಇನ್ನೊಮ್ಮೆ ಹಾಕಿ ನೋಡಿದರು.

"ನಾಲ್ಕು ಬೆರಳು ಕಮ್ಮಿಯಾಗಿದೆ."

"ಹೇಗೆ ಸಾಧ್ಯ?" ಎಂದ ಉಮಾಪತಿ. "ಅದೇ ಎಣ್ಣೆ, ಅದೇ ಶಾಖ."

"ಅದೇ ಎಣ್ಣೆ. ಅದೇ ಕಾಲು." ಅಷ್ಟು ಹೇಳಿ ಪಂಡಿತರು ಮುಂದಿನ ಜಗಲಿಗೆ ಹೋದರು.

ಅಲ್ಲಿಯೂ ಸುದ್ದಿ ಒಳ್ಳೆಯದಿರಲಿಲ್ಲ. ಉಬ್ಬಸದವರಿಗೆ ಉಬ್ಬಸ ಜಾಸ್ತಿ. ಹೊಟ್ಟೆಶೂಲೆಯ ಮುದುಕನಿಗೆ ನಿದ್ದೆಯಿಲ್ಲ. ಚೌಡಣ್ಣನೊಬ್ಬ ಮಾತ್ರ ಗೊರಕೆ ಹೊಡೆಯುತ್ತಿದ್ದ.

ಉಮಾಪತಿ ಒಬ್ಬೊಬ್ಬರನ್ನೂ ಕೇಳಿದ.

"ಇಲ್ಲಿ ನಿಮಗೇನು ತೊಂದರೆ?"

"ಏನೂ ಇಲ್ಲ ಸ್ವಾಮಿ. ಅರಮನೆ ಇದ್ದಂಗದೆ."

"ಗಾಳಿ ಹೆಚ್ಚಾಯಿತೇ?"

"ಒಸಿಯೂ ಇಲ್ಲ. ಚೆಂದಾಗದೆ."

ಹನ್ನೆರಡು ಜನ, ಹನ್ನೆರಡೂ ಸಲ ಚೆಂದಾಗಿದೆ. ಅವನು ಕಿಟಕಿಗೆ ತೆರೆ ಕಟ್ಟಿದ. ತೆರೆ ಬಿಚ್ಚಿದ. ಹಾಸಿಗೆಗೆ ಇನ್ನಷ್ಟು ಹತ್ತಿ ತುಂಬಿಸಿದ. ದೀಪದ ಬತ್ತಿ ದೊಡ್ಡದು ಮಾಡಿ, ದೇವರು ಇನ್ನೂ ಚೆನ್ನಾಗಿ ಕಾಣುವಂತೆ ಮಾಡಿದ. ಪಾಪ, ಅವನಿಗೆ ತಿಳಿದದ್ದು ಅಷ್ಟೇ.

ಒಂದು ಮಧ್ಯಾಹ್ನ ದೇವೀರಮ್ಮ ಅವನ ಪಂಚೆಯ ತುದಿ ಹಿಡಿದು ನಿಲ್ಲಿಸಿದಳು.

"ಮಗ, ಆ ಕಂಬದ ಮರೇಲಿ ಅದಲ್ಲ, ಆ ಜಾಗ ನಂಗೆ ಕೊಡುಸ್ತೀಯಾ? ಚೌಡಣ್ಣನ್ನ ಕೇಳ್ದೆ, ಅವ್ನು ಬುಡಲ್ಲ ಅಂತಾನೆ."

"ಅಲ್ಲಿಂದ ದೇವರು ಕಾಣೋದಿಲ್ಲವಲ್ಲಮ್ಮ."

"ಊಂ ಕನಪ್ಪ."

"ನಿನಗೆ ಅಂತಲೇ ಇದನ್ನ ಇಟ್ಟಿದ್ದೀನಿ. ನಿನ್ನನ್ನ ಆ ಮೂಲೆಗೆ ಹಾಕೋಕೆ ನನಗೆ ಮನಸ್ಸು ಬರುತ್ತಾ?"

ದೇವೀರಮ್ಮ ಅವನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದಳು. ಪಂಚೆಯ ತುದಿ ಬಿಟ್ಟಳು.

"ಆಗ್ಲಿ ಬುಡು," ಎಂದಳು.

ಹದಿನೈದನೆಯ ದಿನ ಆರು ಬೆರಳು ಕಮ್ಮಿಯಾಗಿತ್ತು.

ಉಮಾಪತಿ ಪಂಡಿತರ ಮುಂದೆ ಹೋಗಿ ಕೂತ. ಅವರು ಬೇರುಗಳನ್ನು ನೀರಿನಲ್ಲಿ ಅದ್ದಿ ಮಣ್ಣು ತೊಳೆಯುತ್ತಿದ್ದರು.

"ಗುರುಗಳೇ, ನನ್ನ ಕಟ್ಟಡದಲ್ಲಿ ಏನೋ ತಪ್ಪಿದೆ. ಏನು ಅಂತ ತಿಳೀತಿಲ್ಲ. ಎಲ್ಲರನ್ನೂ ಕೇಳಿದೆ. ಎಲ್ಲರೂ ಚೆನ್ನಾಗಿದೆ ಅಂತಾರೆ."

"ನಿನ್ನ ಕೈ ಅನ್ನ ತಿಂದುಕೊಂಡು ನಿನ್ನ ಮುಖದ ಮೇಲೆ ಚೆನ್ನಾಗಿಲ್ಲ ಅಂತಾರಾ?"

"ಹಾಗಾದರೆ ಯಾರನ್ನ ಕೇಳಲಿ?"

ಪಂಡಿತರು ಒಂದು ಬೇರನ್ನು ಬೆಳಕಿಗೆ ಹಿಡಿದು ನೋಡಿದರು.

"ನಾಳೆಯಿಂದ ಹಾಸಿಗೆ ಒದರೋದು, ದುಪ್ಪಟಿ ಒಗೆಯೋದು ನಿನ್ನ ಕೆಲಸ. ಬೇರೆ ಯಾರೂ ಮುಟ್ಟೋದು ಬೇಡ."

ಉಮಾಪತಿಯ ಮುಖ ಚಿಕ್ಕದಾಯಿತು. ಕಟ್ಟಡ ಕಟ್ಟಿದವನಿಗೆ ದುಪ್ಪಟಿ ಒಗೆಯುವ ಕೆಲಸ. ಶಿಕ್ಷೆಯೆಂದೇ ತಿಳಿದ. ಆದರೂ ಮರುದಿನ ಬೆಳಿಗ್ಗೆ ಹನ್ನೆರಡು ದುಪ್ಪಟಿಗಳನ್ನು ಗಂಟು ಕಟ್ಟಿಕೊಂಡು ಹೊಳೆಗೆ ಹೋದ.

ಮೊದಲ ದಿನ ಸಿಟ್ಟಿನಲ್ಲಿ ಒಗೆದ. ಎರಡನೆಯ ದಿನ ಸೊಂಟ ನೋಯಿತು. ಮೂರನೆಯ ದಿನ ಎಣ್ಣೆಯ ಕಲೆ ಬಿಡುವುದಿಲ್ಲವಲ್ಲ ಎಂದು ಗೊಣಗಿದ.

ಯಾವ ಕಾಯಿಲೆಯವರಾದರೂ ಸರಿ, ಮಲಗುವ ಮುಂಚೆ ಅಂಗಾಲಿಗೂ ಹಿಮ್ಮಡಿಗೂ ಎಣ್ಣೆ ತಿಕ್ಕುವುದು ಆ ಆಶ್ರಮದ ಪದ್ಧತಿ. ಹಾಗಾಗಿ ಎಲ್ಲರ ದುಪ್ಪಟಿಯ ಮೇಲೂ ಹಿಮ್ಮಡಿಯ ಕಲೆ ಮೂಡುತ್ತಿತ್ತು. ಎಷ್ಟು ಸೀಗೆ ಹಾಕಿ ಉಜ್ಜಿದರೂ ಅದು ಮಾಸಲಾಗಿ ಉಳಿಯುತ್ತಿತ್ತು.

ನಾಲ್ಕನೆಯ ದಿನ ಅವನು ಹನ್ನೆರಡನ್ನೂ ಮರಳಿನ ಮೇಲೆ ಸಾಲಾಗಿ ಹರಡಿದ. ಹಾರಿಹೋಗದಂತೆ ಮೂಲೆಗಳಿಗೆ ಕಲ್ಲಿಟ್ಟ. ದಡ ಹತ್ತಿ ತಿರುಗಿ ನೋಡಿದ.

ಹನ್ನೊಂದು ದುಪ್ಪಟಿಗಳಲ್ಲಿ ಹಿಮ್ಮಡಿಯ ಕಲೆ ನಟ್ಟನಡುವೆ ಇತ್ತು. ಅದರ ಕೆಳಗಿನ ಅರ್ಧ ಹೊಸ ಬಟ್ಟೆಯ ಹಾಗೆ ಬೆಳ್ಳಗಿತ್ತು. ಹನ್ನೆರಡನೆಯದರಲ್ಲಿ ಮಾತ್ರ ಕಲೆ ಕಾಲ ಕಡೆಯ ಅಂಚಿಗೇ ಇತ್ತು. ಅದು ಕಂಬದ ಮರೆಯ ಚೌಡಣ್ಣನದು.

ಉಮಾಪತಿ ಮರಳಿನ ಮೇಲೆ ಕೂತುಬಿಟ್ಟ. ಹನ್ನೊಂದು ಜನ ಹದಿನೆಂಟು ದಿನದಿಂದ ಮುದುಡಿಕೊಂಡು ಮಲಗಿದ್ದಾರೆ. ಒಬ್ಬರೂ ಕಾಲು ನೀಡಿಲ್ಲ.

ಅವನು ಆರೈಕೆ ಮನೆಗೆ ಹೋದ. ಹೆಂಗಸರು ಬಿಸಿಲಿಗೆ ಕೂತಿದ್ದರು. ದೇವೀರಮ್ಮನ ಜಗಲಿ ಖಾಲಿಯಿತ್ತು. ಅವನು ಅದರ ಮೇಲೆ ಮಲಗಿದ. ದಿಂಬಿಗೆ ತಲೆಯಿಟ್ಟು ಕಾಲು ಚಾಚಿದ.

ಎರಡು ಪಾದಗಳ ನಡುವೆ ದೇವರ ಮುಖ ಕಂಡಿತು.

ಅವನ ಕಾಲುಗಳು ತಾವಾಗಿಯೇ ಮಡಿಚಿಕೊಂಡವು. ಮಡಿಚು ಎಂದು ಅವನೇನೂ ಹೇಳಿರಲಿಲ್ಲ.

ಅವನು ಬಿಸಿಲಿಗೆ ಬಂದು ದೇವೀರಮ್ಮನ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತ.

"ಅಮ್ಮ, ನೀನು ಕಾಲು ನೀಡಿ ಮಲಗೋದಿಲ್ಲವಾ?"

ಅವಳು ಎಲ್ಲೋ ನೋಡಿದಳು.

"ನನ್ನಾಣೆ ಹೇಳಮ್ಮ."

"ದೇವ್ರ ಕಡೀಕೆ ಕಾಲ್ ನೀಡ್ಲಾ ಮಗ? ನಾನು ಹುಟ್ಟಿದಾಗ್ನಿಂದ ದೇವ್ರಿಗೆ ಹೂ ಕಟ್ಟಿದೋಳು."

"ಮೊದಲೇ ಯಾಕೆ ಹೇಳಲಿಲ್ಲ?"

"ಆರು ತಿಂಗ್ಳು ಕುಂತು ಕೆತ್ತಿದ್ದೀಯಂತೆ. ಹೆಂಗೆ ಯೋಳಾನೆ?"

ಉಮಾಪತಿಗೆ ಈಗ ಅರ್ಥವಾಯಿತು. ತಾನು ಅವಳಿಗೆಂದು ಆರಿಸಿದ ಜಾಗವೇ ಅವಳ ಮಂಡಿಯನ್ನು ಮಡಿಚುತ್ತಿತ್ತು. ಎಣ್ಣೆ ಹಗಲೆಲ್ಲ ಬಿಡಿಸಿದ್ದನ್ನು ಅವನ ದೇವರು ರಾತ್ರಿಯೆಲ್ಲ ಮಡಿಸುತ್ತಿದ್ದ. ಕಂಬದ ಮರೆ ಬೇಕೆಂದು ಅವಳು ಬಾಯಿಬಿಟ್ಟು ಕೇಳಿದಾಗಲೂ ಅವನು ಪ್ರೀತಿಯಿಂದಲೇ ಇಲ್ಲವೆಂದಿದ್ದ.

ಇಷ್ಟು ತಿಳಿದ ಮೇಲೆ ಅವನು ಒಂದು ಗಳಿಗೆ ಸುಮ್ಮನೆ ಕೂತು ಯೋಚಿಸಬಹುದಿತ್ತು. ಆದರೆ ಅವನ ಕೈ ಸುಮ್ಮನಿರುವ ಕೈಯಲ್ಲವಲ್ಲ. ನೇರ ಹೋಗಿ ಹಾರೆ ತಂದ. ದೇವರಿಗೆ ಕೈಮುಗಿದು, ಕ್ಷಮಿಸು ಎಂದು ಹೇಳಿ, ಗೂಡಿನ ಗಾರೆಗೆ ಮೊದಲ ಪೆಟ್ಟು ಹಾಕಿದ.

ಆ ಸದ್ದಿಗೆ ಎಲ್ಲರೂ ಓಡಿ ಬಂದರು. ಓಡಲಾರದವರು ತೆವಳಿ ಬಂದರು.

"ಏನ್ ಮಾಡ್ತಿದ್ದೀರಿ ಸ್ವಾಮಿ?"

"ದೇವರನ್ನ ಹೊರಗಿನ ಕಟ್ಟೆಗೆ ಸಾಗಿಸ್ತೀನಿ. ಇನ್ನು ಮೇಲೆ ನೀವೆಲ್ಲ ನೆಮ್ಮದಿಯಾಗಿ ಕಾಲು ನೀಡಿ ಮಲಗಬಹುದು."

ಹೊಟ್ಟೆಶೂಲೆಯ ಮುದುಕ ಎರಡು ಕೆನ್ನೆಗೂ ಬಡಿದುಕೊಂಡ. ಎಲ್ಲರೂ ತಮ್ಮ ತಮ್ಮ ಕಾಲುಗಳನ್ನು ನೋಡಿಕೊಂಡರು.

ಹೊಸಿಲ ಬಳಿ ಕೈಯೂರಿ ಕೂತಿದ್ದ ದೇವೀರಮ್ಮ ಮೆಲ್ಲಗೆ ಕೇಳಿದಳು.

"ನನ್ ಕಾಲ್ಗೋಸ್ಕರ ದೇವ್ರನ್ನ ಕೀಳ್ತೀಯಾ ಮಗ?"

"ದೇವರು ಎಲ್ಲಾ ಕಡೆ ಇದ್ದಾನಮ್ಮ. ಇಲ್ಲೇ ಇರಬೇಕು ಅಂತ ಏನಿದೆ?"

"ಎಲ್ಲಾ ಕಡೆನೂ ಅವ್ನೆ. ಕಾಣ್ದೆ ಇರೋ ಕಡೀಕೆ ಕಾಲ್ ನೀಡ್ಬೋದು. ಕಾಣೋ ಕಡೀಕೆ ನೀಡಕ್ಕಾಗಲ್ಲ. ನೀನು ಅವ್ನನ್ನ ಎತ್ತಿ ಆಚ್ಗೆ ಹಾಕ್ಬುಟ್ರೆ, ನಂಗೆ ಆ ಖಾಲಿ ಗೂಡು ಕಂಡಾಗೆಲ್ಲಾ ಜೀವ ಕಚ್ಕತದೆ. ಬ್ಯಾಡ. ನಾನೇ ಹೊಂಟೋಯ್ತೀನಿ."

"ಹೋದರೆ ನಿನ್ನ ಮಂಡಿ ಹಾಗೇ ಕೂತುಬಿಡುತ್ತೆ."

"ಕುಂತ್ಕಳ್ಳಿ. ಕುಂತ್ಕಂಡೇ ಹೂ ಕಟ್ಟದು ನಾನು."

ಅವಳು ನಗಲು ನೋಡಿದಳು. ಆಗಲಿಲ್ಲ.

ಉಮಾಪತಿ ಹಾರೆ ಕೆಳಗಿಟ್ಟ. ಆದರೆ ಅಷ್ಟರಲ್ಲಿ ಆಗಬೇಕಾದದ್ದು ಆಗಿತ್ತು. ಸಂಜೆಯೊಳಗೆ ಇನ್ನೂ ಮೂವರು ಮನೆಗೆ ಹೋಗುತ್ತೇವೆಂದರು. ದೇವರಿಗೆ ತಮ್ಮಿಂದ ತೊಂದರೆಯಾಯಿತಲ್ಲ ಎಂಬ ನಾಚಿಕೆಯಲ್ಲಿ ಉಳಿದವರೂ ಸರಿಯಾಗಿ ಊಟ ಮಾಡಲಿಲ್ಲ.

ಮೂರನೆಯ ದಿನ ಬೆಳಿಗ್ಗೆ ದೇವೀರಮ್ಮನ ತಮ್ಮ ಮಲ್ಲಯ್ಯ ಗಾಡಿ ಹೂಡಿಕೊಂಡು ಬಂದ. ಹುಲ್ಲು ಹಾಸಿದ ಗಾಡಿಯ ಮೇಲೆ ಕಂಬಳಿ ಹೊದಿಸಿ ತಂದಿದ್ದ. ದೇವೀರಮ್ಮ ತನ್ನ ಎರಡು ಸೀರೆಯ ಗಂಟು ಕಟ್ಟಿ ಮಡಿಲಲ್ಲಿಟ್ಟುಕೊಂಡು ಕೂತಿದ್ದಳು.

ಉಮಾಪತಿ ಪಂಡಿತರಲ್ಲಿಗೆ ಓಡಿದ. ಅವರು ಕಲ್ಬತ್ತಿನಲ್ಲಿ ಏನೋ ಅರೆಯುತ್ತಿದ್ದರು.

"ಗುರುಗಳೇ, ಅವಳು ಹೋಗ್ತಿದ್ದಾಳೆ. ನನ್ನಿಂದಲೇ ಹೋಗ್ತಿದ್ದಾಳೆ. ದೇವರು ಇದ್ದರೆ ಕಾಲು ನೀಡಲ್ಲ. ದೇವರನ್ನ ಎತ್ತಿದರೆ ನಿಲ್ಲೋದೇ ಇಲ್ಲ. ನಾನೇನು ಮಾಡಲಿ?"

ಅರೆಯುವುದು ನಿಲ್ಲಲಿಲ್ಲ.

"ದೇವಸ್ಥಾನಕ್ಕೆ ಹೋದಾಗ ನೀನು ಏನು ಮಾಡ್ತೀಯ?"

"ನಮಸ್ಕಾರ ಮಾಡ್ತೀನಿ."

"ಹೇಗೆ?"

"ಅಡ್ಡಬಿದ್ದು."

"ಅಡ್ಡಬಿದ್ದಾಗ ದೇವರ ಪಾದದ ಹತ್ತಿರ ನಿನ್ನದೇನು ಇರುತ್ತೆ?"

ಉಮಾಪತಿಯ ಕೈ ತಾನಾಗಿಯೇ ತಲೆಯ ಮೇಲೆ ಹೋಯಿತು.

ಪಂಡಿತರು ಕೈ ಒರೆಸಿಕೊಂಡು ಎದ್ದರು.

ಆರೈಕೆ ಮನೆಯ ಮುಂದೆ ಗಾಡಿ ನಿಂತಿತ್ತು. ಪಂಡಿತರು ದೇವೀರಮ್ಮನಿಗೆ ಹೋಗಬೇಡವೆಂದು ಹೇಳಲಿಲ್ಲ.

"ಹೊರಟೆಯಾ? ಇವತ್ತಿನ ಅಳತೆ ಕೊಟ್ಟು ಹೋಗು. ಅದೊಂದು ಬಾಕಿ ಯಾಕೆ?"

ದಿನಾ ಕೊಡುವ ಅಳತೆ. ಅವಳಿಗೆ ಇಲ್ಲವೆನ್ನಲಾಗಲಿಲ್ಲ. ಮಲ್ಲಯ್ಯ ಅವಳನ್ನು ಎತ್ತಿ ತಂದು ಜಗಲಿಯ ಮೇಲೆ ಕೂರಿಸಿದ.

ಪಂಡಿತರು ಗೋಡೆಯ ಕಡೆಯಿದ್ದ ದಿಂಬನ್ನು ತೆಗೆದು ಎರಡು ಸಲ ತಟ್ಟಿದರು. ಜಗಲಿಯ ಈಚೆಯ ತುದಿಗೆ, ದೇವರ ಕಡೆಗೆ ಇಟ್ಟರು.

"ಈ ಕಡೆ ತಲೆ ಹಾಕು."

ದೇವೀರಮ್ಮ ದಿಂಬನ್ನು ನೋಡಿದಳು. ದೇವರನ್ನು ನೋಡಿದಳು.

"ದೇವ್ರ ಪಾದದ ತಾವ, ಬುದ್ಧಿ?"

"ಅಲ್ಲಿ ಇಡೋದು ತಲೆಯನ್ನೇ ತಾನೇ? ಇಷ್ಟು ದಿನ ಇವನು ನಿನ್ನ ಕೈಲಿ ತಿರುಗುಮುರುಗು ಮಾಡಿಸಿದ್ದ."

ದೇವೀರಮ್ಮ ನಕ್ಕಳು. ಹೊಸ ಮನೆಗೆ ಬಂದಮೇಲೆ ಅವಳು ನಕ್ಕಿದ್ದು ಅದೇ ಮೊದಲು. ಉಮಾಪತಿಗೆ ನಾಚಿಕೆಯೂ ಆಯಿತು, ಅಳುವೂ ಬಂತು. ಅವನು ಎರಡನ್ನೂ ತಡೆಯಲಿಲ್ಲ.

ಅವಳು ನಿಧಾನವಾಗಿ ತಿರುಗಿ ದಿಂಬಿಗೆ ತಲೆಯಿಟ್ಟಳು. ಮಂಡಿಗಳು ಮಡಿಚಿದಂತೆಯೇ ಇದ್ದವು.

"ಬಿಡಿಸು."

ಅವಳು ಬಿಡಿಸಲಿಲ್ಲ. ಅವಳ ಕಾಲ ಕಡೆ, ಗೋಡೆಯ ಪಕ್ಕದ ಸಂದಿಯಲ್ಲಿ, ತಮ್ಮ ಮಲ್ಲಯ್ಯ ನಿಂತಿದ್ದ. ಅವನ ಪಕ್ಕ ಉಮಾಪತಿ. ಜಗಲಿಯ ಮಗ್ಗುಲಲ್ಲಿ, ಅವಳ ಪಾದದ ಹತ್ತಿರ ಪಂಡಿತರು.

ಪಂಡಿತರು ಅದನ್ನು ಗಮನಿಸಿದರು.

"ಮಲ್ಲಯ್ಯ, ಈಚೆಗೆ ಬಾ. ಉಮಾಪತಿ, ನೀನೂ ಬಾ." ತಾವೂ ಎದ್ದು ಸುತ್ತಿಕೊಂಡು ಬಂದರು. ಅವಳ ತಲೆಯ ಹತ್ತಿರ, ದೇವರ ಗೂಡಿನ ಕೆಳಗೆ, ನೆಲದ ಮೇಲೆ ಕೂತರು. ಮಲ್ಲಯ್ಯ, ಉಮಾಪತಿ ಇಬ್ಬರೂ ಅವರ ಪಕ್ಕದಲ್ಲಿ ಕೂತರು.

ಈಗ ಅವಳ ಕಾಲ ಕಡೆ ಯಾರೂ ಇರಲಿಲ್ಲ.

"ಅಳತೆ ಹಾಕಲ್ವಾ ಬುದ್ಧಿ?"

"ಆಮೇಲೆ ಹಾಕ್ತೀನಿ. ನನಗೇನು ಅವಸರ?"

ಹೊರಗೆ ಎತ್ತು ಕೊರಳಾಡಿಸಿದಾಗ ಗಂಟೆ ಸದ್ದಾಯಿತು. ದೇವೀರಮ್ಮ ಕಣ್ಣು ಮುಚ್ಚಿದಳು. ಬಲಗಾಲು ಒಂದು ಬೆರಳಿನಷ್ಟು ಮುಂದೆ ಹೋಯಿತು. ನಿಂತಿತು. ಅವಳು ಹಲ್ಲು ಕಚ್ಚಿದಳು. ಇನ್ನೊಂದು ಬೆರಳು ಹೋಯಿತು. ಎಡಗಾಲು ಅದರ ಹಿಂದೆ ಹೊರಟಿತು.

ಪವಾಡವೇನೂ ಆಗಲಿಲ್ಲ. ಮಂಡಿಗಳು ಬಹಳ ನೊಂದಿದ್ದವು. ಆದರೆ ಹೋದಷ್ಟು ದೂರ ಹೋದ ಮೇಲೆ ಅವು ಹಿಂದಕ್ಕೆ ಬರಲಿಲ್ಲ.

ಅವಳ ಕಣ್ಣಂಚಿನಿಂದ ನೀರು ಇಳಿದು ದಿಂಬು ನೆನೆಯಿತು.

"ನೋಯುತ್ತಾ ಅಕ್ಕ?" ಎಂದ ಮಲ್ಲಯ್ಯ.

"ಇಲ್ಲ ಕನ್ಲಾ. ಸುಮ್ಗಿರು."

ಸ್ವಲ್ಪ ಹೊತ್ತಿಗೆ ಅವಳಿಗೆ ನಿದ್ದೆ ಬಂತು. ಬೆಳಗಿನ ಹೊತ್ತು, ಗಾಡಿ ಬಾಗಿಲಲ್ಲಿ ನಿಂತಿರುವಾಗ, ಸೀರೆಯ ಗಂಟನ್ನು ಎದೆಗವುಚಿಕೊಂಡು ಅವಳು ಮಲಗಿಬಿಟ್ಟಳು. ಮಲ್ಲಯ್ಯ ಕಾದು ಕಾದು, ಮೆಲ್ಲಗೆ ಹೊರಗೆ ಹೋಗಿ ಎತ್ತುಗಳ ಕೊರಳ ಹಗ್ಗ ಬಿಚ್ಚಿದ.

ಉಳಿದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೊದಲು ಹೊಟ್ಟೆಶೂಲೆಯ ಮುದುಕ ತನ್ನ ದಿಂಬನ್ನು ಈಚೆಗೆ ತಂದ. ಅವನ ಹಿಂದೆ ಒಬ್ಬೊಬ್ಬರೇ ತಂದರು.

ಚೌಡಣ್ಣ ಕಂಬಕ್ಕೆ ಒರಗಿ ನೋಡುತ್ತಿದ್ದ.

"ಇನ್ನು ನನ್ ಜಾಗ ಯಾರೂ ಕೇಳಕಿಲ್ಲ ಅನ್ನು," ಎಂದ. ಸ್ವಲ್ಪ ಬೇಜಾರಾದಂತೆಯೇ ಇತ್ತು.

ಆ ದಿನ ಸಂಜೆ ಉಮಾಪತಿ ಪಂಡಿತರ ಜೊತೆ ಹೊಳೆಯ ದಂಡೆಯಲ್ಲಿ ಕೂತಿದ್ದ.

"ನಿಮಗೆ ಮೊದಲ ದಿನವೇ ಗೊತ್ತಿತ್ತು ಅಲ್ಲವಾ ಗುರುಗಳೇ?"

"ಇಲ್ಲವಲ್ಲ."

"ಮತ್ತೆ ದುಪ್ಪಟಿ ಒಗೆಯೋಕೆ ಕಳಿಸಿದಿರಿ?"

"ಮನುಷ್ಯರು ಸಂಕೋಚಕ್ಕೆ ಸುಳ್ಳು ಹೇಳ್ತಾರೆ. ಹಾಸಿಗೆಗೆ ಸಂಕೋಚ ಇಲ್ಲ. ಅದು ಏನು ಹೇಳುತ್ತೋ ನನಗೂ ಗೊತ್ತಿರಲಿಲ್ಲ." ಪಂಡಿತರು ತಮ್ಮ ಮುದಿ ಪಾದಗಳನ್ನು ನೀರಿಗೆ ಇಳಿಬಿಟ್ಟರು. "ಇಪ್ಪತ್ತು ದಿನ ನಾನೂ ಅವರ ಕಾಲ ಕಡೆಯೇ ನಿಂತು ಮಾತಾಡಿಸಿದೆ. ನಾನು ಹೋಗೋತನಕ ಅವರು ಎಷ್ಟು ಕಷ್ಟಪಟ್ಟು ಮುದುಡಿಕೊಂಡು ಕೂತಿದ್ದರೋ. ಅದನ್ನ ಗೌರವ ಅಂದ್ಕೊಂಡು ಬಂದೆ. ನನ್ನದೂ ತಪ್ಪೇ."

ಗುರುಗಳು ತಪ್ಪು ಒಪ್ಪಿಕೊಂಡದ್ದನ್ನು ಉಮಾಪತಿ ಎಂದೂ ಕೇಳಿರಲಿಲ್ಲ. ಅವನೂ ನೀರಿಗೆ ಕಾಲು ಬಿಟ್ಟ.

ಮರುದಿನದಿಂದ ಅವನು ಕೆಲಸಕ್ಕೆ ಕೂತ. ಗೋಡೆಯ ಕಡೆ ತಾನೇ ಪ್ರೀತಿಯಿಂದ ಏರಿಸಿದ್ದ ಗಾರೆಯನ್ನು ಉಳಿ ಹಿಡಿದು ಚೂರು ಚೂರಾಗಿ ಕೆತ್ತಿ ಸಮ ಮಾಡಿದ. ಉಬ್ಬಸದವರಿಗೆ ದೇವರ ಕಡೆಯ ತುದಿಗೆ ಒರಗುಹಲಗೆ ಮಾಡಿಕೊಟ್ಟ. ಗೋಡೆಯ ಪಕ್ಕದ ಸಂದಿಗೆ ಯಾರೂ ಹೋಗದಂತೆ ಇಟ್ಟಿಗೆ ತುಂಬಿ, ಜಗಲಿಗಳನ್ನು ಗೋಡೆಯವರೆಗೂ ಮುಟ್ಟಿಸಿದ. ಮದ್ದು ಕೊಡುವವರು, ಅನ್ನ ಬಡಿಸುವವರು, ನೋಡಲು ಬಂದವರು, ಪಂಡಿತರು, ಎಲ್ಲರೂ ಇನ್ನು ತಲೆಯ ಕಡೆಯ ದಾರಿಯಲ್ಲೇ ಬರಬೇಕು. ಬಂದವರು ಕೂತು ಮಾತಾಡಲು ಒಂದೊಂದು ದಿಂಬಿನ ಪಕ್ಕವೂ ಒಂದೊಂದು ಗಿಡ್ಡ ಮಣೆ ಇಟ್ಟ.

ಕೆಲಸಕ್ಕೆ ಒಂಬತ್ತು ದಿನ ಹಿಡಿಯಿತು. ಒಂಬತ್ತನೆಯ ದಿನ ಪಂಡಿತರು ಮಣೆಯ ಮೇಲಿಂದ ಎದ್ದು ಬಗ್ಗಿ, ದೇವೀರಮ್ಮನ ಕಾಲಿಗೆ ಗೇಣು ಹಾಕಿದರು.

"ಎರಡು ಗೇಣು, ಒಂದು ಬೆರಳು."

ಕಳೆದುಕೊಂಡದ್ದು ತಿರುಗಿ ಬಂದು, ಮೇಲೆ ಒಂದು ಬೆರಳು. ಇನ್ನು ಹದಿನೆಂಟು ದಿನ ಉಳಿದಿತ್ತು. ಸಾಕಾಗುತ್ತದೋ ಇಲ್ಲವೋ ಯಾರೂ ಹೇಳುವಂತಿರಲಿಲ್ಲ. ಪಂಡಿತರೂ ಹೇಳಲಿಲ್ಲ. ದೇವೀರಮ್ಮ ಕೇಳಲೂ ಇಲ್ಲ. ಅವಳು ದಿಂಬಿನ ಮೇಲೆ ಕತ್ತು ಹಿಂದಕ್ಕೆ ಚೆಲ್ಲಿ ತಲೆಕೆಳಗಾಗಿ ಕಾಣುವ ದೇವರನ್ನು ಒಮ್ಮೆ ನೋಡಿ, ಆ ಕಡೆಗೆ ಕೈಮುಗಿದು, ಕಾಲು ನೀಡಿಕೊಂಡು ಕಣ್ಣು ಮುಚ್ಚಿದಳು.

ಉಮಾಪತಿಯ ದೃಷ್ಟಿ ಅವಳ ಕಾಲಾಚೆಗಿನ ಪಡುವಲ ಗೋಡೆಯ ಮೇಲೆ ಬಿತ್ತು. ಹೊಸದಾಗಿ ಸುಣ್ಣ ಬಳಿದ ಬೋಳು ಗೋಡೆ. ಅವಳ ಹಿಮ್ಮಡಿಗೂ ಆ ಗೋಡೆಗೂ ನಡುವೆ ಇನ್ನೂ ಒಂದೂವರೆ ಮೊಳ ದುಪ್ಪಟಿ ಬೆಳ್ಳಗೆ ಉಳಿದಿತ್ತು.

ಅವನ ಕೈ ಕಡಿಯತೊಡಗಿತು.

"ಗುರುಗಳೇ," ಎಂದ, ಅವಳಿಗೆ ಎಚ್ಚರವಾಗದಂತೆ ಮೆಲ್ಲಗೆ. "ಕಣ್ಣು ಬಿಟ್ಟರೆ ಇವರಿಗೆ ಈಗ ಆ ಬರೀ ಗೋಡೆ ಕಾಣುತ್ತೆ. ಅಲ್ಲಿ ಏನಾದರೂ ಇರಬೇಕಲ್ಲವಾ? ಒಂದು ಶಂಖ ಚಕ್ರ ಕೆತ್ತಲೇ? ಬೇಡ ಅಂದರೆ ಒಂದು ಶ್ಲೋಕ? ಅದೂ ಬೇಡ ಅಂದರೆ ನಿಮ್ಮದೇ ಒಂದು ಚಿತ್ರ?"

ಪಂಡಿತರು ಗೋಡೆಯನ್ನು ನೋಡಿದರು. ಮಲಗಿದ್ದವಳನ್ನು ನೋಡಿದರು. ಅವಳ ಪಾದದ ಮೇಲಿಂದ ಸರಿದಿದ್ದ ಹೊದಿಕೆಯನ್ನು ಎಳೆದು ಮುಚ್ಚಿದರು.

"ಅದು ಖಾಲಿ ಇರಲಿ, ಉಮಾಪತಿ. ದೇವೀರಮ್ಮನ ಹಿಮ್ಮಡಿ ಅಲ್ಲಿಗೆ ಬರೋದಿದೆ."